ಟೇಪಕ್ಕ ಕಂಡ ಮೂರು ಸಾಲು ಹೊಲಿಗೆ

ಮಗಳು ಊಟಕ್ಕೆ ಕೂತಾಗ ತಟ್ಟೆಯ ಸದ್ದು ನಿಂತುಹೋದರೆ ಈಗಲೂ ನನಗೆ ಎದೆ ಧಸಕ್ ಅನ್ನುತ್ತೆ. ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಡ್ತೀನಿ. ತಿಂತಾ ಇದ್ದಾಳಾ? ಪಕ್ಕಕ್ಕೆ ಸರಿಸಿದಳಾ? ಇಣುಕಿ ನೋಡಬಾರದು, ತುತ್ತು ಎಣಿಸಬಾರದು ಅಂತ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹೇಳೋದೇನೋ ಸುಲಭ. ಕಣ್ಣು ಬೇಕಾದರೆ ಮುಚ್ಚಿಕೊಳ್ಳಬಹುದು, ಕಿವಿ ಏನು ಮಾಡಲಿ?

ಈ ಹೆದರಿಕೆ ನನಗೆ ಹತ್ತೋದಕ್ಕೆ ಮೊದಲೇ, ನನ್ನ ಮಗಳಿಗೋಸ್ಕರ ಹೆದರಿದವರು ಒಬ್ಬರಿದ್ದರು. ಹೋದ ಮಂಗಳವಾರ ಅವರು ನಮ್ಮ ಫ್ಯಾಕ್ಟರಿಯಿಂದ ರಿಟೈರಾದರು. ಹೂವಿನ ಹಾರ, ಒಂದು ಸೀರೆ, ಎಲ್ಲರ ಜೊತೆ ಒಂದು ಫೋಟೋ, ಮುಗೀತು. ಹೆಸರು ಬರೆಯಲ್ಲ. ಅವರಿಗೆ ಹಿಡಿಸಲ್ಲ. ನಮ್ಮ ಬಾಯಲ್ಲಿ ಯಾವಾಗಲೂ ಟೇಪಕ್ಕ ಅಂತಲೇ ಇದ್ದದ್ದು.

ನಾನು ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರು. ಹೊರದೇಶಕ್ಕೆ ಹೋಗೋ ಪ್ಯಾಂಟುಗಳಿಗೆ ಸೊಂಟದ ಪಟ್ಟಿ ಕೂಡಿಸೋದು ನನ್ನ ಕೆಲಸ. ಟೇಪಕ್ಕ ನಮ್ಮ ಲೈನಿನ ಚೆಕ್ಕರು. ನಾವು ಹೊಲಿದದ್ದೆಲ್ಲ ಅವರ ಟೇಬಲ್ಲಿಗೆ ಹೋಗಬೇಕು, ಅವರು ಅಳತೆ ಹಿಡೀಬೇಕು, ಅವರು ಹೂಂ ಅಂದರೆ ಮುಂದಕ್ಕೆ. ಕುತ್ತಿಗೆಯಲ್ಲಿ ಸದಾ ಹಳದಿ ಇಂಚುಟೇಪು. ಉಜ್ಜಿ ಉಜ್ಜಿ ಅದರ ಮೊದಲ ಎರಡು ಅಂಕಿ ಅಳಿಸಿಹೋಗಿದ್ದವು. ಎಡಗೈ ತೋಳಿಗೆ ಕೆಂಪು ಬಾಣದ ಗುರುತಿನ ಸ್ಟಿಕ್ಕರ್ ಹಾಳೆ. ತಪ್ಪು ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ಒಂದು ಬಾಣ ಅಂಟಿಸಿ, ಪೀಸನ್ನು ನಮ್ಮ ಮಡಿಲಿಗೆ ಒಗೆದು, ಒಂದೇ ಮಾತು ಹೇಳೋರು.

"ಬಿಚ್ಚು."

ಅಷ್ಟೇ. ಯಾಕೆ, ಏನು, ಎಷ್ಟು, ಏನೂ ಇಲ್ಲ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯೋದಿದೆಯಲ್ಲ, ಅದರಂಥ ಬೇಜಾರಿನ ಕೆಲಸ ಇನ್ನೊಂದಿಲ್ಲ. ಹನ್ನೊಂದು ವರ್ಷ ಆ ಮಾತು ಕೇಳಿದ್ದೀನಿ. ಮೊದಲನೇ ತಿಂಗಳು ಟಾಯ್ಲೆಟ್ಟಿಗೆ ಹೋಗಿ ಅತ್ತಿದ್ದೂ ಉಂಟು. ಒಂದು ಸಲ ರೇಗಿ, "ಕಾಲು ಇಂಚು ಅಲ್ವಾ ಟೇಪಕ್ಕ, ಅಲ್ಲಿ ಯಾರು ಅಳೀತಾರೆ?" ಅಂದೆ. "ಆಕೋ ಎಣ್ಣುಮಗಳು ಅಳೀತಾಳೆ ಕಣಮ್ಮಿ. ಪಟ್ಟಿ ಬಿಗಿಯಾದ್ರೆ ಅವ್ಳು ನಿನ್ನ ಬಯ್ಯಲ್ಲ, ತನ್ನ ಒಟ್ಟೆನ ಬಯ್ಕತಾಳೆ. ಬಿಚ್ಚು," ಅಂದರು. ಆಗ ಅದು ನನ್ನ ತಲೆಗೇ ಹೋಗಲಿಲ್ಲ.

ಮದ್ದೂರು ಪೇಟೆಯ ಮುಸ್ಲಿಮರ ಮನೆಯವರು. ಗಂಡ ಲಾರಿ ಮೆಕ್ಯಾನಿಕ್ಕಾಗಿದ್ದವರು, ತೀರಿಹೋಗಿ ಬಹಳ ವರ್ಷ. ಮನೆಯಲ್ಲಿ ಉರ್ದು, ನಮ್ಮ ಜೊತೆ ನಮಗಿಂತ ಒಂದು ಕೈ ಮಿಗಿಲಾದ ಮಂಡ್ಯದ ಮಾತು. ಗುಂಡಗೆ, ಗಟ್ಟಿಯಾಗಿ, ನಡೆದುಬಂದರೆ ಟೇಬಲ್ಲು ಪಕ್ಕಕ್ಕೆ ಸರೀಬೇಕು ಅನ್ನೋ ಹಾಗಿದ್ದರು. ತಮ್ಮ ಮೈಯ ಬಗ್ಗೆ ಒಂದು ಚೂರೂ ಸಂಕೋಚ ಇರಲಿಲ್ಲ. "ನಂದು ನಲವತ್ತೆರಡು. ಎಲ್ಲಾ ನಂದೇ, ಯಾರ್ದೂ ಕದ್ದಿಲ್ಲ," ಅಂತ ಹೊಟ್ಟೆ ಮೇಲೆ ಕೈಯಾಡಿಸಿಕೊಂಡು ಹೇಳೋರು.

ಕಣ್ಣಲ್ಲೇ ಅಳತೆ ಹಿಡಿಯೋ ವಿದ್ಯೆ ಅವರಿಗಿತ್ತು. ಇಪ್ಪತ್ತು ವರ್ಷ ಸೊಂಟ ಅಳೆದ ಕಣ್ಣು. ಫ್ಯಾಕ್ಟರಿ ಬಸ್ಸಿಗೆ ಯಾರು ಹತ್ತಿದರೂ ಒಂದು ಸಲ ನೋಡಿದರೆ ಸಾಕು. ಒಂದು ದಿನ ನಮ್ಮ ಸೂಪರ್‌ವೈಸರು, ಮೀಸೆ ಈಗಷ್ಟೇ ಬಂದ ಹುಡುಗ, ಹೊಸದಾಗಿ ಸೇರಿದ ದುದ್ದ ಊರಿನ ಹುಡುಗಿಯನ್ನು ತೋರಿಸಿ, "ಟೇಪಕ್ಕ, ಇದು ಎಷ್ಟು ಹೇಳಿ ನೋಡೋಣ," ಅಂದ. ಸುತ್ತ ಇದ್ದವರು ಕಿಸಕ್ಕಂದರು. ಹುಡುಗಿ ತಲೆ ತಗ್ಗಿಸಿದಳು. ಟೇಪಕ್ಕ ಅವನನ್ನ ಮೇಲಿಂದ ಕೆಳಗೆ ನೋಡಿ, ಇಡೀ ಲೈನಿಗೆ ಕೇಳೋ ಹಾಗೆ, "ನಿಂದು ಮೂವತ್ತೇಳು ಕಣ್ಲಾ. ಮೂವತ್ನಾಕರ ಪ್ಯಾಂಟ್ ಆಕ್ಕೊಂಡ್ ಉಸಿರು ಬಿಗಿ ಇಡ್ಕಂಡಿದೀಯ. ಬಿಡ್ಲಾ, ಸಾಯ್ತೀಯ," ಅಂದರು. ಅವತ್ತಿನಿಂದ ಅವನು ಅವರ ಟೇಬಲ್ ಹತ್ತಿರ ಹಾಯಲಿಲ್ಲ. ಹೆಣ್ಣುಮಕ್ಕಳ ಅಳತೆಯನ್ನ ಅವರು ಯಾವತ್ತೂ ಜೋರಾಗಿ ಹೇಳಿದವರಲ್ಲ.

ಮಧ್ಯಾಹ್ನ ಊಟಕ್ಕೆ ನಾವು ಆರೇಳು ಜನ ಸುತ್ತ ಕೂರ್ತಿದ್ದೆವು. ನಮ್ಮಲ್ಲೊಂದು ರೂಢಿ. ಡಬ್ಬಿ ತೆಗೆದ ಕೂಡಲೇ ಮುಚ್ಚಳಗಳನ್ನ ನಡುವೆ ಇಡಬೇಕು, ಪ್ರತಿಯೊಬ್ಬರೂ ತಮ್ಮದರಲ್ಲಿ ಒಂದು ಚೂರು ಪಕ್ಕದವರ ಮುಚ್ಚಳಕ್ಕೆ ಹಾಕಬೇಕು. ನನ್ನ ಬಸ್ಸಾರು ಟೇಪಕ್ಕನಿಗೆ, ಅವರ ತೊಕ್ಕು ನನಗೆ. ಯಾರು ಎಷ್ಟು ತಿಂದರು, ಯಾರು ಬಿಟ್ಟರು, ಯಾರ ಮನೆಯಲ್ಲಿ ಜಗಳ, ಯಾರಿಗೆ ತಿಂಗಳು ನಿಂತಿತು, ಎಲ್ಲಾ ಮುಚ್ಚಳದಲ್ಲೇ ಅವರಿಗೆ ಗೊತ್ತಾಗ್ತಿತ್ತು. ರಂಜಾನ್ ಬಂದರೆ ಮಾತ್ರ ಅವರು ಗುಂಪಿನಲ್ಲಿ ಕೂರ್ತಿದ್ದರು, ತಿಂತಿರಲಿಲ್ಲ. ನಮಗೆ ಸಂಕೋಚ. ಅವರಿಗೇನೂ ಇಲ್ಲ. "ಉಣ್ರಮ್ಮಿ, ನೋಡಿ ಒಟ್ಟೆ ತುಂಬುಸ್ಕತೀನಿ," ಅನ್ನೋರು. ಐದೂವರೆಗೆ ಬಸ್ಸು ಹತ್ತಿದ ಮೇಲೆ ಹತ್ತು ನಿಮಿಷಕ್ಕೊಂದು ಸಲ ಟೈಮು ಕೇಳೋರು. "ಎಷ್ಟಾಯ್ತು? ಈಗೆಷ್ಟಾಯ್ತು?" ಸಣ್ಣ ಮಗು ಹಾಗೆ.

ಇನ್ನು ನನ್ನ ಮಗಳ ವಿಷಯ. ಪುಟ್ಟಿ ಅಂತೀವಿ. ನಮ್ಮದು ನಿಡಘಟ್ಟ. ನಾನು, ನಮ್ಮೆಜಮಾನ್ರು, ಅತ್ತೆ, ಪುಟ್ಟಿ, ನಾಲ್ಕೇ ಜನ. ಅವಳಾಗ ಮದ್ದೂರಿನಲ್ಲಿ ಎರಡನೇ ಪಿಯುಸಿ. ಓದೋದಕ್ಕೆ ಬೇಕು ಅಂತ ಫೋನು ಕೊಡಿಸಿದ್ದೆವು. ಹುಟ್ಟಿದಾಗಿಂದ ಗುಂಡಗಿದ್ದ ಹುಡುಗಿ. ಎರಡು ಮುದ್ದೆ ಉಂಡು ಮೂರನೆಯದಕ್ಕೆ ಅಜ್ಜಿಯ ತಟ್ಟೆ ನೋಡ್ತಿದ್ದಳು.

ಆ ವರ್ಷ ಮಳವಳ್ಳಿಯಲ್ಲಿ ನನ್ನ ತಂಗಿ ಮಗಳ ಮದುವೆ ಆಯಿತು. ಮದುವೆ ಮುಗಿಸಿ ಬಂದ ಮೇಲೆ ಪುಟ್ಟಿ ಸೋಮವಾರ ಸೋಮವಾರ ಉಪವಾಸ ಶುರುಮಾಡಿದಳು. "ಪರೀಕ್ಷೆ ಚೆನ್ನಾಗಿ ಆಗ್ಲಿ ಅಂತ ಕಣಮ್ಮ," ಅಂದಳು. ನನಗೆ ಎಷ್ಟು ಖುಷಿ! ಆಮೇಲೆ ಶನಿವಾರ ಒಪ್ಪತ್ತು ಸೇರಿತು. ಆಮೇಲೆ ಗುರುವಾರ. ಅತ್ತೆಯಂತೂ ಬೀದಿಗೆಲ್ಲ ಹೇಳಿಕೊಂಡು ಬಂದರು. "ನಮ್ಮ ಪುಟ್ಟಿ ನೋಡಿ, ಈ ಕಾಲದಲ್ಲೂ ಎಂಥ ಭಕ್ತಿ!" ಪಕ್ಕದ ಮನೆಯವರು ತಮ್ಮ ಮಗಳನ್ನ ನಮ್ಮ ಜಗಲಿ ಮೇಲೆ ಕೂರಿಸಿ, "ಇವಳನ್ನ ನೋಡಿ ಕಲ್ತುಕೋ," ಅಂದರು. ಪೂಜಾರಪ್ಪನೋರು ಅವಳಿಗೆ ಬೇರೆ ಹೂವು ಎತ್ತಿಡ್ತಿದ್ದರು. ಬಸ್ಸಿನಲ್ಲಿ ನಾನೂ ಜಂಬ ಕೊಚ್ಚಿಕೊಂಡೆ, ಸುಳ್ಳು ಯಾಕೆ ಹೇಳಲಿ. ನೋಡಿದವರೆಲ್ಲ, "ಸಣ್ಣಾಗವ್ಳೆ, ಲಕ್ಷಣ ಬಂದದೆ," ಅನ್ನೋರು. ಅದನ್ನ ಕೇಳಿ ನಾನೇ ದೃಷ್ಟಿ ತೆಗೀತಿದ್ದೆ.

ಬಟ್ಟೆ ಸಡಿಲವಾಯಿತು. ಅವಳಿಗೊಂದು ನೀಲಿ ಚೂಡಿ ಇತ್ತು, ತುಂಬಾ ಇಷ್ಟದ್ದು. "ಅಮ್ಮ, ಹಿಡಿದುಕೊಡು," ಅಂದಳು. ಹಿಡಿದುಕೊಟ್ಟೆ. ಎರಡು ಬದಿಗೂ ಒಳಗಡೆ ಒಂದು ಸಾಲು ಹೊಲಿಗೆ ಹಾಕಿದರೆ ಆಯಿತು, ಐದು ನಿಮಿಷದ ಕೆಲಸ. ಮೂರು ವಾರಕ್ಕೆ ಮತ್ತೆ, "ಅಮ್ಮ, ಇನ್ನೊಂಚೂರು." ಮತ್ತೆ ಹಿಡಿದೆ. ಹೊಲಿಗೆ ಎಷ್ಟು ನೇರ ಬಂದಿದೆ ಅಂತ ನಾನೇ ತಿರುಗಿಸಿ ನೋಡಿ ಮೆಚ್ಚಿಕೊಂಡೆ. ಮೂರನೇ ಸಲ ಮನೆಯಲ್ಲಿ ಕರೆಂಟು ಇರಲಿಲ್ಲ. ಚೂಡಿಯನ್ನ ಫ್ಯಾಕ್ಟರಿಗೇ ತಂದು ಊಟದ ಹೊತ್ತಿನಲ್ಲಿ ಹೊಲಿದೆ.

ಟೇಪಕ್ಕ ಡಬ್ಬಿ ಹಿಡಿದು ಬಂದವರು ಹಿಂದೆ ನಿಂತರು. "ಯಾರ್ದಿದು?"

"ಪುಟ್ಟೀದು."

ಕೈಯಿಂದ ಕಿತ್ತುಕೊಂಡರು. ಒಳಮೈ ಹೊರಕ್ಕೆ ತಿರುಗಿಸಿದರು. ಬದಿಯ ಅಂಚಿನಲ್ಲಿ ಅಂಗಡಿಯವನು ಹಾಕಿದ ಹೊಲಿಗೆ. ಅದರಿಂದ ಒಳಕ್ಕೆ ನನ್ನದೊಂದು ಸಾಲು. ಅದರಿಂದ ಒಳಕ್ಕೆ ಇನ್ನೊಂದು. ಅದರಿಂದಲೂ ಒಳಕ್ಕೆ ಈಗ ಹಾಕಿದ್ದು. ಮೂರು ಸಾಲಿನ ಮೇಲೂ ಬೆರಳು ಎಳೆದರು. ಟೇಪು ತೆಗೆದು ಅಳೆದರು. ನಾನು, "ಎಷ್ಟು?" ಅಂದೆ. ಹೇಳಲಿಲ್ಲ.

"ಎಷ್ಟು ದಿನದಲ್ಲಿ ಆಕಿದೀಯ ಈ ಮೂರೂವೆ?"

"ಎರಡೂವರೆ ತಿಂಗಳು ಆಗಿರಬೇಕು. ಉಪವಾಸ ಮಾಡ್ತಾಳಲ್ಲ ಟೇಪಕ್ಕ, ಪರೀಕ್ಷೆಗೆ ಅಂತ..."

"ಉಪಾಸ?" ಅವರ ಮುಖ ಒಂಥರಾ ಆಯಿತು. ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನ ನಾನು ನೋಡಿದ್ದು ಅದೇ ಮೊದಲು. "ನೋಡಮ್ಮಿ. ನಾನು ಬುದ್ಧಿ ಬಂದಾಗಿಂದ ರೋಜಾ ಇರೋಳು. ಉಪಾಸ ಇರೋರು ಗಡಿಯಾರ ನೋಡ್ತಾರೆ, ಯಾವಾಗ್ ಬಿಡ್ತೀನೋ ಅಂತವ. ನಿನ್ನ ಮಗ್ಳು ಗಡಿಯಾರ ನೋಡ್ತಾಳಾ? ಉಪಾಸ ಬಿಡೋ ದಿನ ಬಾಯ್ ಚಪ್ಪರ್ಸ್ಕಂಡು ಉಣ್ತಾಳಾ? ಅದುನ್ ಏಳು ಮೊದ್ಲು."

ನಾನು ಯೋಚನೆ ಮಾಡಿದೆ. ಪುಟ್ಟಿ ನೋಡ್ತಿದ್ದದ್ದು ಬೀರುವಿನ ಕನ್ನಡಿ. ಪಕ್ಕಕ್ಕೆ ತಿರುಗಿ, ಮತ್ತೆ ಈ ಪಕ್ಕಕ್ಕೆ ತಿರುಗಿ. ಉಪವಾಸ ಬಿಡೋ ದಿನ ಒಂದು ಲೋಟ ಮಜ್ಜಿಗೆ ಕುಡಿದು, "ಹೊಟ್ಟೆ ತುಂಬಿತು," ಅಂತ ಎದ್ದುಬಿಡ್ತಿದ್ದಳು. ಗೊತ್ತಿತ್ತು ನನಗೆ. ಗೊತ್ತಿದ್ದದ್ದು ಆಗಲೇ ಗೊತ್ತಾಗಿದ್ದು.

ಅಷ್ಟರಲ್ಲಿ ಟೇಪಕ್ಕ ತೋಳಿನ ಹಾಳೆಯಿಂದ ಒಂದು ಕೆಂಪು ಬಾಣ ಕಿತ್ತು ನನ್ನ ಮಣಿಕಟ್ಟಿಗೆ ಅಂಟಿಸಿದರು. ಬಟ್ಟೆಗಲ್ಲ, ನನಗೆ.

ಮೈ ಉರಿದುಹೋಯಿತು. ಎಲ್ಲರ ಎದುರಿಗೆ! ಬಾಯಿಗೆ ಬಂದದ್ದು ಅಂದುಬಿಟ್ಟೆ. "ನಿಮ್ಮದು ನಿಮಗೆ, ನಮ್ಮದು ನಮಗೆ. ನಮ್ಮ ದೇವರ ವಿಷಯಕ್ಕೆ ನೀವು ಬರಬೇಡಿ." ಸುತ್ತ ಕೂತವರ ಕೈ ಬಾಯಲ್ಲೇ ನಿಂತಿತು. ಟೇಪಕ್ಕ ತಮ್ಮ ಮುಚ್ಚಳ ಒರೆಸಿ, "ಆಯ್ತು ಬುಡು," ಅಂದರು. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮೇಲೇ ಅಸಹ್ಯ ಆಗುತ್ತೆ.

ಆಮೇಲೆ ನಾನು ಅವರ ಜೊತೆ ಮಾತು ಬಿಟ್ಟೆ. ಅವರು ಮಾತ್ರ ದಿನಾ ನನ್ನ ಮುಚ್ಚಳಕ್ಕೆ ಒಂದು ಚೂರು ಹಾಕ್ತಿದ್ದರು. ನಾನು ಅದನ್ನ ಪಕ್ಕದವಳ ಮುಚ್ಚಳಕ್ಕೆ ತಳ್ತಿದ್ದೆ. ರಂಜಾನ್ ಶುರುವಾಯಿತು, ಅವರು ತರೋದೂ ನಿಂತಿತು. ಮನೆಯಲ್ಲಿ ಪುಟ್ಟಿಯನ್ನ ಕೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದೆ. ಏನಂತ ಕೇಳೋದು? ದೇವರಿಗೆ ಮುಡಿಪಾಗಿ ಬಿಟ್ಟಿರೋ ಊಟ ಸುಳ್ಳಾ ಅಂತಲಾ? ಭಯ ಆಗ್ತಿತ್ತು, ಹೌದು ಅಂದುಬಿಟ್ಟರೆ ಅಂತ. ಅವಳ ಬಾಚಣಿಗೆ ತುಂಬಾ ಕೂದಲು. ಬಿಸಿಲಲ್ಲೂ ಸ್ವೆಟರು. ರಾತ್ರಿ ಅವಳ ಕೈ ತಗುಲಿದರೆ ನಲ್ಲಿಯ ಕಬ್ಬಿಣ ಮುಟ್ಟಿದ ಹಾಗೆ ತಣ್ಣಗೆ. ಪರೀಕ್ಷೆ ಮುಗಿದರೆ ಎಲ್ಲಾ ಸರಿಹೋಗುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ.

ಪರೀಕ್ಷೆಗೆ ಎಂಟು ದಿನ ಇತ್ತು. ಬೆಳಗ್ಗೆ ಹನ್ನೊಂದು ಗಂಟೆ ಇರಬೇಕು. ನಮ್ಮ ಫೋನುಗಳೆಲ್ಲ ಲಾಕರಿನಲ್ಲಿ. ನಾನು ತಲೆ ತಗ್ಗಿಸಿ ಪಟ್ಟಿ ಕೂಡಿಸ್ತಿದ್ದೆ. ಯಾವುದೋ ಕೈ ಬಂದು ನನ್ನ ಮೆಷಿನ್ನಿನ ಸ್ವಿಚ್ಚು ಆರಿಸಿತು. ನೋಡಿದರೆ ಟೇಪಕ್ಕ. ಆಫೀಸಿಗೆ ಬಂದ ಫೋನನ್ನ ಅವರೇ ಕೇಳಿಕೊಂಡು ಬಂದಿದ್ದರು.

"ಏಳು. ಪುಟ್ಟಿ ಕಾಲೇಜ್ ಮೆಟ್ಲು ಮ್ಯಾಲೆ ಬಿದ್ದವ್ಳಂತೆ. ಮಂಡ್ಯ ಆಸ್ಪತ್ರೆಗೆ ಕರ್ಕಂಡೋಯ್ತಾವ್ರೆ. ಏಳೇ!"

ನಾನು ಕೈಲಿದ್ದ ಪಟ್ಟಿಯನ್ನೇ ಸರಿಮಾಡ್ತಾ ಕೂತಿದ್ದೆ. ಟೇಪಕ್ಕ ಕಂಕುಳಿಗೆ ಕೈ ಹಾಕಿ ಎತ್ತಿದರು, ಗೇಟಿನ ಹತ್ತಿರ ಯಾವುದೋ ಆಟೋ ನಿಲ್ಲಿಸಿದರು. ಮಂಡ್ಯ ಬರೋವರೆಗೂ ನನ್ನ ಮಣಿಕಟ್ಟು ಹಿಡಿದಿದ್ದರು, ಬಾಣ ಅಂಟಿಸಿದ್ದ ಅದೇ ಕೈ. ತುಟಿ ಅಲ್ಲಾಡ್ತಾನೇ ಇತ್ತು, ಏನೋ ಪ್ರಾರ್ಥನೆ. ನಾನು ನಮ್ಮೂರ ದೇವರನ್ನ ಕರೆಯೋಕೆ ಹೋದೆ, ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೀಲಿ? ಅವನ ಹೆಸರಿನಲ್ಲೇ ಅಲ್ಲವಾ ನಾನು ಮಗಳನ್ನ ಹಸಿವಿಗೆ ಬಿಟ್ಟಿದ್ದು.

ಪುಟ್ಟಿ ಮಂಚದ ಮೇಲೆ ಒಂದು ಮಡಚಿಟ್ಟ ಬಟ್ಟೆಯಷ್ಟೇ ಇದ್ದಳು. ತುಟಿ ಬೂದಿ ಬಣ್ಣ. ಎದೆಗೆಲ್ಲ ವೈರು. ಡಾಕ್ಟರಮ್ಮ, "ಎಷ್ಟು ದಿನದಿಂದ ಊಟ ಬಿಟ್ಟಿದ್ದಾಳೆ?" ಅಂತ ಕೇಳಿದರು. "ಉಪವಾಸ ಮೇಡಂ, ದೇವರಿಗೆ," ಅಂದೆ. ಅವರು ಪೆನ್ನು ಕೆಳಗಿಟ್ಟರು. "ಹೃದಯ ಬಡ್ಕೊಳ್ಳೋದನ್ನೇ ಮರೀತಾ ಇದೆಯಮ್ಮ. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ನನ್ನ ಹತ್ರ ತರೋದು ಬೇಕಿರಲಿಲ್ಲ." ಅಷ್ಟು ಮೆಲ್ಲಗೆ ಹೇಳಿದರು, ನನಗೆ ಕೂಗಿದ ಹಾಗೆ ಕೇಳಿಸಿತು.

ಎರಡನೇ ದಿನ ಅವಳ ಫೋನು ನನ್ನ ಕೈಯಲ್ಲಿತ್ತು. ತೆರೆದೆ. ಬೆರಳು ಎಳೆದಷ್ಟೂ ಸೊಂಟ. ಸೊಂಟ, ಸೊಂಟ, ಎಲುಬು ಕಾಣೋ ಕುತ್ತಿಗೆ, ಬೆಳಗಿಂದ ಸಂಜೆವರೆಗೆ ಇಷ್ಟೇ ತಿಂದೆ ಅಂತ ತೋರಿಸೋ ಖಾಲಿ ಖಾಲಿ ತಟ್ಟೆ. ಎಲ್ಲಾ ಇಂಗ್ಲಿಷು, ಹಿಂದಿ ಅಂದುಕೊಂಡರೆ ಒಬ್ಬಳು ನಮ್ಮ ಕಡೆ ಹುಡುಗಿ ಹಾಗೇ ಮಾತಾಡ್ತಾ, ಮುದ್ದೆ ತಿಂದರೆ ಮುದ್ದೆ ಹಾಗೇ ಆಗ್ತೀರ ಅಂತ ನಗ್ತಾಳೆ. ಅದರ ಕೆಳಗೆ ಸಾವಿರ ಜನ ಕೈ ಮುಗಿದಿದ್ದಾರೆ. ಅರ್ಧ ಗಂಟೆ ನೋಡಿರಬೇಕು. ಆಮೇಲೆ ಮುಖ ತೊಳೆಯೋಕೆ ಹೋದವಳು ಆಸ್ಪತ್ರೆಯ ಕನ್ನಡಿ ಮುಂದೆ ನಿಂತೆ, ನನಗೇ ಗೊತ್ತಿಲ್ಲದ ಹಾಗೆ ಹೊಟ್ಟೆ ಒಳಕ್ಕೆ ಎಳೆದುಕೊಂಡಿದ್ದೆ. ಮಗಳು ಒಳಗೆ ಜೀವ ಹಿಡಿದುಕೊಂಡು ಮಲಗಿದ್ದಾಳೆ, ನಲವತ್ನಾಲ್ಕು ವರ್ಷದ ನಾನು ಹೊಟ್ಟೆ ಎಳೆದುಕೊಂಡು ನಿಂತಿದ್ದೀನಿ! ಅಯ್ಯೋ ದೇವರೇ, ಅವತ್ತು ನನಗೆ ಆ ಫೋನು ಕಂಡರೆ ಹಾವು ಕಂಡಷ್ಟು ಭಯ ಆಯಿತು. ಅರ್ಧ ಗಂಟೆಗೆ ನನಗೇ ಹೀಗಾದರೆ, ಹದಿನೇಳರ ಹುಡುಗಿ ಇಡೀ ದಿನ ಅದರೊಳಗಿದ್ದಳು.

ಪುಟ್ಟಿ ಯಾರ ಕೈಯಿಂದಲೂ ಏನೂ ತಿನ್ನಲಿಲ್ಲ. ನಾನು ಕೊಟ್ಟರೆ ಇಲ್ಲ. ನರ್ಸಮ್ಮ ಕೊಟ್ಟರೆ ಇಲ್ಲ. ಅವಳ ಅಪ್ಪ ಗೋಗರೆದು ಅತ್ತರು, ಗೋಡೆ ಕಡೆ ತಿರುಗಿದಳು. ಮೂಗಿನಲ್ಲಿ ನಳಿಗೆ ಹಾಕಿ ಗಂಜಿ ಬಿಡಬೇಕಾಗುತ್ತೆ ಅಂದರು ಡಾಕ್ಟರಮ್ಮ.

ಟೇಪಕ್ಕ ಕೆಲಸ ಮುಗಿಸಿ ಮನೆ ಕಡೆ ಬಸ್ಸು ಬಿಟ್ಟು, ತಿರುಗಾ ಮಂಡ್ಯದ ಬಸ್ಸು ಹತ್ತಿ ಬರ್ತಿದ್ದರು. ಮಂಚದ ಪಕ್ಕ ಸ್ಟೂಲು ಎಳೆದು ಕೂತು, ಗೋಡೆ ಗಡಿಯಾರ ನೋಡ್ತಾ, "ಎಷ್ಟಾಯ್ತು ಪುಟ್ಟಿ?" ಅನ್ನೋರು. ಅವಳು ಮಾತಾಡಲ್ಲ. ಇವರು ಬಿಡಲ್ಲ. "ಕಣ್ಣು ಕಾಣಲ್ಲ ಕಣವ್ವ, ಮುಳ್ಳು ಎಲ್ಲೈತೆ ಏಳು." ಮೂರನೇ ದಿನ ಪುಟ್ಟಿ, "ಆರೂ ಹತ್ತು," ಅಂದಳು. "ಇನ್ನೂ ಐತೆ ಅನ್ನು!" ಅಂತ ಟೇಪಕ್ಕ ನಿಟ್ಟುಸಿರು ಬಿಟ್ಟರು, ಹೊಟ್ಟೆ ಹಿಡಿದುಕೊಂಡರು. ಆಮೇಲೆ ಐದೈದು ನಿಮಿಷಕ್ಕೂ ಇವರು ಕೇಳೋದು, ಅವಳು ಹೇಳೋದು. ಹೊರಗೆ ಮಸೀದಿಯಲ್ಲಿ ಕೂಗಿದರು. ಟೇಪಕ್ಕ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ತೆಗೆದು ಅವಳ ಹಾಸಿಗೆ ಮೇಲಿಟ್ಟರು. ಒಂದೇ ಒಂದು ಖರ್ಜೂರ. ಡಾಕ್ಟರಮ್ಮನನ್ನ ಮೊದಲೇ ಕೇಳಿಕೊಂಡಿದ್ದರಂತೆ, ನನಗೆ ಆಮೇಲೆ ಗೊತ್ತಾಯಿತು. ಅದನ್ನ ಎರಡು ಸೀಳು ಮಾಡಿ, ಅರ್ಧ ಮುಚ್ಚಳಕ್ಕೆ ಹಾಕಿದರು.

"ಒಬ್ಳೇ ರೋಜಾ ಬಿಡಕ್ಕೆ ನಂಗೆ ಮನ್ಸು ಬರಲ್ಲ ಕಣವ್ವ. ನೀನೂ ಬುಡ್ತೀಯ?"

ಬೆಳಗಿನ ಜಾವ ತಿಂದವರು ಅವರು. ಅವರ ಕೈ ಹಸಿವಿಗೆ ನಡುಗ್ತಿತ್ತು. ಅರ್ಧ ಖರ್ಜೂರ ಕೈಯಲ್ಲಿ ಹಿಡಿದುಕೊಂಡು, ತಿನ್ನದೆ, ಅವಳ ಮುಖ ನೋಡ್ತಾ ಕೂತೇ ಇದ್ದರು. ಹೊತ್ತು ಮೀರ್ತಾ ಇದೆ. ಪುಟ್ಟಿ ಅವರ ನಡುಗೋ ಕೈಯನ್ನೇ ನೋಡಿದಳು. ಮುಚ್ಚಳಕ್ಕೆ ಕೈ ಹಾಕಿದಳು. ಬಾಯಿಗಿಟ್ಟುಕೊಂಡಳು. ಆಮೇಲೇ ಟೇಪಕ್ಕ ತಿಂದದ್ದು.

ನಾನು ಹೊರಗೆ ಓಡಿಬಂದು ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ತುಂಬಿಕೊಂಡೆ. ಟೇಪಕ್ಕನೂ ಬಂದು ಕೂತರು. "ನನ್ನ ಮಾತಿಗೆ ಕ್ಷಮಿಸಿಬಿಡಿ," ಅಂದೆ. "ಸುಮ್ಕಿರು. ಎದ್ರಿಕೇಲಿ ಆಡಿದ್ ಮಾತು ಅದು. ನಂಗೂ ಎದ್ರಿಕೆ ಆಗಿತ್ತು, ಅದ್ಕೇ ಬಾಣ ಅಂಟುಸ್ದೆ," ಅಂದರು. ನಾನು ಮತ್ತೆ, "ಅವತ್ತು ಅಳೆದಿರಲ್ಲ, ಎಷ್ಟಿತ್ತು?" ಅಂದೆ. "ಏಳಲ್ಲ. ನಿಂಗೂ ಏಳಲ್ಲ, ಅವ್ಳಿಗಂತೂ ಏಳಕ್ಕಿಲ್ಲ. ನಂಬರ್ ಕಿವಿಗ್ ಬಿದ್ರೆ ಅದುನ್ನೂ ಇಳ್ಸ್ಬೇಕು ಅಂತ ಕೂರ್ತಾಳೆ."

ಹಬ್ಬದವರೆಗೂ ದಿನಾ ಬಂದರು. ಅರ್ಧ ಖರ್ಜೂರ ಒಂದಾಯಿತು, ಜೊತೆಗೆ ಎರಡು ಚಮಚ ಗಂಜಿ ಬಂತು. ಪರೀಕ್ಷೆ ಹೋಯಿತು, ಹೋಗಲಿ. ಮನೆಗೆ ಕಳಿಸೋ ಹಿಂದಿನ ದಿನ ಪುಟ್ಟಿಯೇ ಫೋನಿನಲ್ಲಿದ್ದ ಒಂದು ಫೋಟೋ ತೆರೆದು ನನ್ನ ಮುಂದೆ ಹಿಡಿದಳು. ಮಳವಳ್ಳಿ ಮದುವೆಯದು. ನಮ್ಮ ಮನೆತನದ ಫೋನ್ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ನೀಲಿ ಚೂಡಿಯಲ್ಲಿ ಪುಟ್ಟಿ ಲಾಡು ತಿಂತಾ ನಿಂತಿದ್ದಾಳೆ. ಕೆಳಗೆ ಅವಳ ಸೋದರತ್ತೆ ಬರೆದಿದ್ದಾಳೆ, "ಮದುಮಗಳಿಗಿಂತ ಮೊದಲು ಗುಂಡುಕಲ್ಲು ಮಂಟಪಕ್ಕೆ ಬಂತು." ಅದರ ಕೆಳಗೆ ಸಾಲಾಗಿ ಕಣ್ಣೀರು ಬರೋ ಹಾಗೆ ನಗೋ ಮುಖಗಳು. ಹನ್ನೆರಡು. ಐದನೆಯದರ ಪಕ್ಕ ನನ್ನ ಹೆಸರಿತ್ತು.

ಒತ್ತಿದ ನೆನಪೂ ನನಗಿರಲಿಲ್ಲ. ಬಸ್ಸಿನಲ್ಲಿ ಕೂತು ಒತ್ತಿರಬೇಕು. "ಅವರೆಲ್ಲಾ ನಕ್ಕಿದ್ದಕ್ಕೆ ಏನೂ ಅನ್ನಿಸ್ಲಿಲ್ಲಮ್ಮ," ಅಂದಳು ಪುಟ್ಟಿ. ಅವಳ ಬೆರಳು ನನ್ನ ಹೆಸರಿನ ಮೇಲೇ ಇತ್ತು. ಮಣಿಕಟ್ಟು ಉರಿಯಿತು ನನಗೆ. ಬಾಣ ಸರಿಯಾದ ಜಾಗಕ್ಕೇ ಅಂಟಿತ್ತು.

ಅದಾಗಿ ಒಂದು ವರ್ಷದ ಮೇಲಾಯಿತು. ಈಗ ಹದಿನೈದು ದಿನಕ್ಕೊಂದು ಸಲ ಮಂಡ್ಯಕ್ಕೆ ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತೀವಿ. ಪರೀಕ್ಷೆ ಮತ್ತೆ ಕಟ್ಟಿ ಪಾಸಾದಳು, ಡಿಗ್ರಿಗೆ ಸೇರಿದ್ದಾಳೆ. ಒಂದು ತಿಂಗಳು ಚೆನ್ನಾಗಿರ್ತಾಳೆ, ನಾನು ಉಸಿರು ಬಿಡ್ತೀನಿ. ಒಂದು ದಿನ ಇದ್ದಕ್ಕಿದ್ದ ಹಾಗೆ ತಟ್ಟೆ ಸದ್ದು ನಿಲ್ಲುತ್ತೆ. ಪ್ರತಿ ಸಲವೂ ಟೇಪಕ್ಕನ ಟೇಬಲ್ಲಿಗೆ ಹೋಗಿ ಹೇಳ್ತಿದ್ದೆ. ಅವರು, "ನಾಳೆ ಕರ್ಕಂಬಾ, ನೋಡ್ತೀನಿ," ಅನ್ನೋರು. ನೋಡೋರು. "ಮೈ ಐತೆ ಬುಡು, ಎದ್ರುಬ್ಯಾಡ," ಅನ್ನೋರು. ಆ ಒಂದು ಮಾತಿನ ಮೇಲೆ ನಾನು ವಾರ ತಳ್ಳಿದ್ದುಂಟು.

ಮಂಗಳವಾರ ಅವರ ಕೊನೇ ದಿನ. ಐದೂವರೆಗೆ ಗೇಟಿನ ಹತ್ತಿರ ಪುಟ್ಟಿ ಖರ್ಜೂರದ ಡಬ್ಬಿ ಹಿಡಿದು ನಿಂತಿದ್ದಳು, ಅದೇ ನೀಲಿ ಚೂಡಿ ಹಾಕಿಕೊಂಡು. ಟೇಪಕ್ಕ ಹಾರ ಹಾಕಿಕೊಂಡೇ ಬಂದರು. ಅವಳನ್ನ ನೋಡಿದರು, ತಿರುಗಿಸಿ ನೋಡಿದರು, ತೋಳೆತ್ತಿಸಿದರು. ಕಂಕುಳ ಹತ್ತಿರ ನಾನು ಹಾಕಿದ ಒಳಸಾಲು ಬಿಗಿದು ಎರಡು ಎಳೆ ಕಿತ್ತಿತ್ತು. ರೂಢಿಬಲದಿಂದ ಅವರ ಕೈ ಸ್ಟಿಕ್ಕರಿಗೆ ಹೋಯಿತು, ಹಾಳೆ ಇರಲಿಲ್ಲ, ಒಳಗೆ ಒಪ್ಪಿಸಿ ಬಂದಿದ್ದರು. ನನ್ನ ಕಡೆ ತಿರುಗಿ ಅಂದರು.

"ಬಿಚ್ಚು."

ಹನ್ನೊಂದು ವರ್ಷದಲ್ಲಿ ಆ ಮಾತು ಕೇಳಿ ನನಗೆ ಸಂತೋಷ ಆದದ್ದು ಅವತ್ತೇ. ಮಗಳು ಮೈ ತುಂಬಿಕೊಂಡಿದ್ದಾಳೆ! ಆದರೆ ಪುಟ್ಟಿ ಮುಖ ನೋಡಿದೆ, ರಕ್ತ ಇಳಿದುಹೋಗಿತ್ತು. ಅವಳ ಕೈ ತಾನಾಗಿ ಸೊಂಟಕ್ಕೆ ಹೋಗಿ ಹಿಡಿದುಕೊಂಡಿತ್ತು. ನನ್ನ ಸಂತೋಷ ಅ‌ಲ್ಲೇ ತಣ್ಣಗಾಯಿತು. ಟೇಪಕ್ಕನೂ ನೋಡಿದರು. ಚೀಲದಿಂದ ದಾರ ಕತ್ತರಿಸೋ ಪುಟ್ಟ ಕತ್ತರಿ ತೆಗೆದು ಅವಳ ಕೈಗಿಟ್ಟರು.

"ಬ್ಯಾಡ, ನಿಮ್ಮವ್ವ ಬಿಚ್ಚೋದ್ ಬ್ಯಾಡ. ಆಕಿದ್ದು ಅವ್ಳು, ಬಿಚ್ಚೋಳು ನೀನು. ಯಾವತ್ ಮನ್ಸಾಯ್ತದೋ ಅವತ್ತು."

ಬಸ್ಸು ಹತ್ತಿ ಹೋದರು. ಮಳವಳ್ಳಿಯಲ್ಲಿರೋ ಅವರ ತಂಗಿ ಮನೆಯಲ್ಲಿ ಇರ್ತಾರಂತೆ ಇನ್ನು ಮೇಲೆ.

ಬುಧವಾರ ಚೂಡಿ ಕುರ್ಚಿ ಮೇಲಿತ್ತು, ಅದರ ಮೇಲೆ ಕತ್ತರಿ. ಗುರುವಾರವೂ ಹಾಗೇ. ಶುಕ್ರವಾರ ಅರ್ಧ ತಟ್ಟೆ ಬಿಟ್ಟು ಎದ್ದಳು. ನಿನ್ನೆ ಶನಿವಾರ ನಾನು ತಡೆಯಲಾರದೆ ರಜೆ ಹಾಕಿದೆ. ಮಧ್ಯಾಹ್ನ ತಟ್ಟೆ ಹಾಕಿದರೆ, ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ಅಮ್ಮ, ಇವತ್ತು ಒಪ್ಪತ್ತು ಇರ್ಲಾ?" ಅಂದಳು.

ಜೀವ ಬಾಯಿಗೆ ಬಂತು. ನಡುಮನೆಯಿಂದ ಅತ್ತೆ ಕೂಗಿಕೊಂಡರು, "ಯಾವ ದೇವ್ರಿಗೂ ಬ್ಯಾಡ! ಕೇಳಿದ್ ದೇವ್ರುನ್ನ ನನ್ನತ್ರ ಕಳ್ಸು!" ಪುಟ್ಟಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರು ಹೇಳಿದ್ದೆಲ್ಲ ಮರೆತುಹೋಯಿತು. ಬಾಗಿಲು ಬಡೀಬೇಕಾ, ಬಡೀಬಾರದಾ? ಮಳವಳ್ಳಿಗೆ ಫೋನು ಮಾಡಿದೆ. ಟೇಪಕ್ಕ ಎಲ್ಲಾ ಕೇಳಿಸಿಕೊಂಡರು. "ಬಾಗ್ಲಿಗೆ ಕಿವಿ ಕೊಡು. ಏನಾರ ಸದ್ದೈತಾ?" ಅಂದರು.

ಕಿವಿಯಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ, ಚಿಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಚಿಟ್. ಆ ಸದ್ದು ನನಗೆ ಗೊತ್ತು. ಹನ್ನೊಂದು ವರ್ಷ ಅದನ್ನೇ ಕೇಳಿದ್ದೀನಿ.

ಬಾಗಿಲು ತೆಗೆದಾಗ ಪುಟ್ಟಿ ಚೂಡಿ ಹಾಕಿಕೊಂಡಿದ್ದಳು. ಮಡಿಲಿಗೆಲ್ಲ ನೀಲಿ ದಾರದ ಚೂರು ಮೆತ್ತಿತ್ತು. ಅತ್ತಿದ್ದಳು. "ಒಂದೇ ಸಾಲು ಬಿಚ್ಚಿದ್ದು. ಇನ್ನೆರಡು ಇರ್ಲಿ ಅಮ್ಮ, ಭಯ ಆಯ್ತದೆ," ಅಂದಳು. "ಇರ್ಲಿ ಕಣವ್ವ. ನಂಗೂ ಭಯಾನೆ," ಅಂದೆ. ಅವಳು ಹೋಗಿ ತಟ್ಟೆ ಮುಂದೆ ಕೂತಳು. ನಾನು ಬೆನ್ನು ತಿರುಗಿಸಿ ಒಲೆ ಕಡೆ ನಿಂತೆ.

ಫೋನಿನಲ್ಲಿ ಟೇಪಕ್ಕ ಇನ್ನೂ ಇದ್ದರು. "ಏನಾಯ್ತಮ್ಮಿ? ಉಣ್ತಾವ್ಳಾ?" ಅಂತಿದ್ದರು. ತಿರುಗಿ ನೋಡದೆ, ಕೈ ಹಿಂದಕ್ಕೆ ಚಾಚಿ, ಫೋನನ್ನ ತಟ್ಟೆಯ ಸದ್ದಿನ ಕಡೆಗೆ ಹಿಡಿದೆ.